ಖಂಡಿ, ಗಜ, ಔನ್ಸ್: ಬಳ್ಳಾರಿಯ ಸರಕು, ಹೊರದೇಶದ ಅಳತೆ

ಭಾರತದೊಳಗೆ ಯಾವ ಸರಕು ಮಾರಿದರೂ ಅದರ ತೂಕ, ಉದ್ದ, ಗಾತ್ರಗಳನ್ನು ಕಿಲೋಗ್ರಾಂ, ಮೀಟರ್, ಲೀಟರ್‌ಗಳಲ್ಲೇ ಹೇಳಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ 11ನೇ ಕಲಮು ಬೆಲೆಪಟ್ಟಿ, ಬಿಲ್ಲು, ಜಾಹೀರಾತು, ಪೊಟ್ಟಣದ ಮೇಲಿನ ಬರಹ ಎಲ್ಲಕ್ಕೂ ಈ ಕಟ್ಟು ಹಾಕಿದೆ. ಅದೇ ಕಲಮಿನ ಎರಡನೇ ಭಾಗ ಒಂದು ವಿನಾಯಿತಿಯನ್ನೂ ಕೊಟ್ಟಿದೆ: ರಫ್ತಾಗುವ ಸರಕಿಗೆ ಈ ಕಟ್ಟು ಅನ್ವಯಿಸುವುದಿಲ್ಲ. ಕೊಳ್ಳುವ ದೇಶದವರು ಗಜ ಕೇಳಿದರೆ ಗಜ, ಪೌಂಡ್ ಕೇಳಿದರೆ ಪೌಂಡ್ ಬರೆದುಕೊಡಬಹುದು. ಜಗತ್ತಿನ ಬಹುಪಾಲು ದೇಶಗಳು ಮೆಟ್ರಿಕ್ ಪದ್ಧತಿಗೆ ಬಂದು ದಶಕಗಳಾದರೂ ದೇಶದೇಶಗಳ ನಡುವಿನ ವ್ಯಾಪಾರದಲ್ಲಿ ಹಳೆಯ ಮಾನಗಳು ಬಳಕೆಯಲ್ಲಿ ಉಳಿದಿವೆ ಎಂಬುದನ್ನು ಈ ವಿನಾಯಿತಿ ಒಪ್ಪಿಕೊಂಡಿದೆ.

ಬಳ್ಳಾರಿ ಜಿಲ್ಲೆಯ ಮುಖ್ಯ ಸರಕುಗಳನ್ನು ಒಂದೊಂದಾಗಿ ನೋಡಿದರೆ ಈ ಮಾನಗಳೆಲ್ಲ ಕಣ್ಣಿಗೆ ಬೀಳುತ್ತವೆ. ಎರೆಭೂಮಿಯ ಹತ್ತಿಗೆ ಖಂಡಿ ಮತ್ತು ಪೌಂಡ್, ನಗರದಲ್ಲಿ ಹೊಲಿಯುವ ಜೀನ್ಸ್‌ಗೆ ಇಂಚು ಮತ್ತು ಔನ್ಸ್, ಸಂಡೂರು ಸಾಲಿನ ಅದಿರಿಗೆ ಹಿಂದೆ ಬಳಸುತ್ತಿದ್ದ ಲಾಂಗ್ ಟನ್, ಸಿರುಗುಪ್ಪದ ಭತ್ತವನ್ನು ಹೊರದೇಶದ ಪೇಟೆಯ ಬೆಲೆಗೆ ಹೋಲಿಸಿ ನೋಡುವಾಗ ಹಂಡ್ರೆಡ್‌ವೆಯ್ಟ್. ಈ ಮಾನಗಳು ಎಲ್ಲಿಂದ ಬಂದವು, ಏಕೆ ಉಳಿದವು, ಎಲ್ಲಿ ನಷ್ಟ ತರುತ್ತವೆ ಎಂಬುದು ಲೆಕ್ಕಪತ್ರ ಬರೆಯುವವರಷ್ಟೇ ಅಲ್ಲ, ಬೆಳೆದು ಮಾರುವವರೂ ಹೊಲಿದು ಮಾರುವವರೂ ತಿಳಿದಿರಬೇಕಾದ ವಿಷಯ.

ಮಣದಿಂದ ಕಿಲೋಗೆ

ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಅದು ಮದ್ರಾಸಿನ ಆಡಳಿತದಲ್ಲಿತ್ತು. ಆ ಕಾಲದ ಮದ್ರಾಸ್ ತೂಕದಲ್ಲಿ 8 ವೀಸೆಗೆ ಒಂದು ಮಣ, 20 ಮಣಕ್ಕೆ ಒಂದು ಖಂಡಿ. ಮಣ ಎಂದರೆ 25 ಪೌಂಡ್, ಈಗಿನ ಲೆಕ್ಕದಲ್ಲಿ ಸುಮಾರು 11.3 ಕಿಲೋ. ಬಂಗಾಳದ ಮಣವಾದರೋ 37 ಕಿಲೋಗೂ ಹೆಚ್ಚು. ಹೆಸರು ಒಂದೇ, ತೂಕ ಮೂರು ಪಟ್ಟಿಗಿಂತ ಹೆಚ್ಚು. ಧಾನ್ಯವನ್ನು ತೂಗುವುದಕ್ಕಿಂತ ಅಳೆಯುವುದೇ ರೂಢಿಯಾಗಿದ್ದ ಹಳ್ಳಿಗಳಲ್ಲಿ ಪಾವು, ಸೇರು, ಕೊಳಗ, ಖಂಡುಗಗಳು ನಡೆಯುತ್ತಿದ್ದವು. ಅವೂ ಊರಿಂದೂರಿಗೆ ಹಿಗ್ಗಿ ಕುಗ್ಗುತ್ತಿದ್ದವು.

ಈ ಗೊಂದಲಕ್ಕೆ ಕೊನೆ ಹಾಡಲು 1956ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣ ಕಾಯ್ದೆ ಬಂತು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಹಂತ ಹಂತವಾಗಿ ಪೇಟೆಗೆ ಇಳಿದು, 1962ರ ಏಪ್ರಿಲ್ ಹೊತ್ತಿಗೆ ಕಡ್ಡಾಯವಾದವು. ಆದರೂ ನಿತ್ಯದ ಬದುಕಿನಲ್ಲಿ ಹಳೆಯ ಮಾನಗಳು ಅಳಿಯಲಿಲ್ಲ. ಬಳ್ಳಾರಿಯ ಪಾರ್ವತಿನಗರದಂಥ ಬಡಾವಣೆಯಲ್ಲಿ ನಿವೇಶನದ ಮಾತು ಬಂದರೆ ಈಗಲೂ 30–40 ಅಡಿಯ ಸೈಟು ಎನ್ನುತ್ತಾರೆ. ಹೊಲದ ಲೆಕ್ಕ ಎಕರೆಯಲ್ಲಿ, ತುಂಗಭದ್ರೆಯ ನೀರಿನ ಲೆಕ್ಕ ಕ್ಯುಸೆಕ್ ಮತ್ತು ಟಿಎಂಸಿಯಲ್ಲಿ. ಇವೆರಡೂ ಘನ ಅಡಿಯ ಮೇಲೆ ನಿಂತ ಮಾನಗಳೇ.

ಹೊರದೇಶದಲ್ಲೂ ಅಳತೆಯ ಗೊಂದಲ ಕಡಿಮೆ ಇರಲಿಲ್ಲ. ಬ್ರಿಟನ್ನಿನ ಇಂಚಿಗೂ ಅಮೆರಿಕದ ಇಂಚಿಗೂ ಕೂದಲೆಳೆಯಷ್ಟು ವ್ಯತ್ಯಾಸವಿತ್ತು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಸೇರಿ 1959ರ ಜುಲೈ 1ರಿಂದ ಒಂದು ಗಜಕ್ಕೆ 0.9144 ಮೀಟರ್, ಒಂದು ಪೌಂಡ್‌ಗೆ 0.45359237 ಕಿಲೋಗ್ರಾಂ ಎಂದು ನಿಗದಿ ಮಾಡಿದವು. ಇಂಚು 2.54 ಸೆಂಟಿಮೀಟರ್ ಆಗಿದ್ದು ಹೀಗೆ. ಅಂದಿನಿಂದ ಗಜ, ಪೌಂಡ್‌ಗಳಿಗೆ ಸ್ವಂತ ಆಧಾರವಿಲ್ಲ. ಅವುಗಳ ಬೆಲೆ ಗೊತ್ತಾಗುವುದು ಮೀಟರ್, ಕಿಲೋಗಳಿಂದಲೇ. ಆದ್ದರಿಂದ ಇವತ್ತು ಪರಿವರ್ತನೆಯಲ್ಲಿ ತಪ್ಪಾದರೆ ಅದಕ್ಕೆ ಮಾನ ಕಾರಣವಲ್ಲ, ಯಾವ ಮಾನ ಎಂದು ತಿಳಿಯದೆ ಅಂಕಿಯನ್ನಷ್ಟೇ ಓದಿದ್ದು ಕಾರಣ.

ಹತ್ತಿ: ರೈತನಿಗೆ ಕ್ವಿಂಟಾಲ್, ಗಿರಣಿಗೆ ಖಂಡಿ

ಹತ್ತಿ ಹೊಲದಿಂದ ಹಡಗಿಗೆ ಹೋಗುವ ದಾರಿಯಲ್ಲಿ ನಾಲ್ಕು ಮಾನಗಳನ್ನು ದಾಟುತ್ತದೆ. ರೈತ ಬೀಜ ಸಮೇತದ ಹತ್ತಿಯನ್ನು ಕ್ವಿಂಟಾಲ್ ಲೆಕ್ಕದಲ್ಲಿ ಮಾರುತ್ತಾನೆ. ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಬೀಜ ಬೇರೆಯಾಗಿ ಅರಳೆ ಉಳಿಯುತ್ತದೆ. ಅದನ್ನು ಒತ್ತಿ ಕಟ್ಟಿದ ಬೇಲಿನ ತೂಕ ಭಾರತದಲ್ಲಿ 170 ಕಿಲೋ. ಅರಳೆಯ ಬೆಲೆ ಹೇಳುವುದು ಮಾತ್ರ ಖಂಡಿಗೆ ಇಷ್ಟು ರೂಪಾಯಿ ಎಂದು. ಹೊರದೇಶದ ಪೇಟೆಯಲ್ಲಿ ಅದೇ ಅರಳೆಗೆ ಪೌಂಡ್‌ಗೆ ಇಷ್ಟು ಸೆಂಟ್.

ಖಂಡಿ ಎಂಬುದು ಈ ನೆಲದ್ದೇ ಮಾತು. ಇಂಗ್ಲಿಷರ ಬಾಯಲ್ಲಿ ಅದು ಕ್ಯಾಂಡಿಯಾಗಿ, ವ್ಯಾಪಾರದ ಕಾಗದಗಳಲ್ಲಿ ಅದೇ ಹೆಸರಿನಿಂದ ನಿಂತಿತು. ಆದರೆ ಮದ್ರಾಸಿನ ಖಂಡಿ 500 ಪೌಂಡ್ ಆಗಿದ್ದರೆ ಮುಂಬಯಿಯ ಹತ್ತಿ ಪೇಟೆಯ ಖಂಡಿ 784 ಪೌಂಡ್. ಬ್ರಿಟಿಷ್ ಹಂಡ್ರೆಡ್‌ವೆಯ್ಟ್ ಎಂದರೆ 112 ಪೌಂಡ್. ಅಂಥ ಏಳು ಸೇರಿದರೆ 784. ಲಂಕಾಷೈರಿನ ಗಿರಣಿಗಳಿಗೆ ಮುಂಬಯಿಯಿಂದ ಹತ್ತಿ ಹೋಗುತ್ತಿದ್ದ ಕಾಲದ ಈ ತೂಕವೇ ಇಂದಿಗೂ ದೇಶದ ಹತ್ತಿ ವಹಿವಾಟಿನ ಖಂಡಿ. ಮೆಟ್ರಿಕ್ ಲೆಕ್ಕದಲ್ಲಿ ಅದು 355.62 ಕಿಲೋ. ಮುಂಬಯಿಯ ಮಲ್ಟಿ ಕಮಾಡಿಟಿ ಎಕ್ಸ್‌ಚೇಂಜ್ ಕೂಡ ಬೇಲಿನ ಲೆಕ್ಕದಲ್ಲಿದ್ದ ತನ್ನ ಹತ್ತಿ ಒಪ್ಪಂದವನ್ನು 2023ರಲ್ಲಿ ಖಂಡಿಯ ಲೆಕ್ಕಕ್ಕೆ ಬದಲಿಸಿತು.

ರೈತನ ಕ್ವಿಂಟಾಲಿಗೂ ಗಿರಣಿಯ ಖಂಡಿಗೂ ಸಂಬಂಧ ಹೀಗಿದೆ. ನೂರು ಕಿಲೋ ಹತ್ತಿಯಿಂದ 34 ಕಿಲೋ ಅರಳೆ ಬರುತ್ತದೆ ಎಂದಿಟ್ಟುಕೊಂಡರೆ ಒಂದು ಖಂಡಿಗೆ ಸುಮಾರು ಹತ್ತೂವರೆ ಕ್ವಿಂಟಾಲ್ ಹತ್ತಿ ಬೇಕು, ಒಂದು ಬೇಲಿಗೆ ಐದು ಕ್ವಿಂಟಾಲ್. ಅರಳೆ ಶೇಕಡ 34ರ ಬದಲು 33 ಬಂದರೆ ಖಂಡಿಗೆ ಇನ್ನೂ 30 ಕಿಲೋದಷ್ಟು ಹತ್ತಿ ಹೆಚ್ಚು ಹಾಕಬೇಕಾಗುತ್ತದೆ.

ನ್ಯೂಯಾರ್ಕಿನ ವಾಯಿದಾ ಪೇಟೆಯ ಹತ್ತಿ ಬೆಲೆಯೇ ಜಗತ್ತಿಗೆ ದಿಕ್ಸೂಚಿ. ಅಲ್ಲಿ ಒಂದು ಒಪ್ಪಂದ ಎಂದರೆ 50,000 ಪೌಂಡ್. ಅಮೆರಿಕದ ಬೇಲು 480 ಪೌಂಡ್, ಅಂದರೆ 217.7 ಕಿಲೋ, ನಮ್ಮ ಬೇಲಿಗಿಂತ 47 ಕಿಲೋಗೂ ಹೆಚ್ಚು. ಹಾಗಾಗಿ ಜಾಗತಿಕ ಇಳುವರಿಯ ಸುದ್ದಿಯಲ್ಲಿ ಇಷ್ಟು ಲಕ್ಷ ಬೇಲು ಎಂದು ಓದಿದಾಗ ಯಾವ ದೇಶದ ಬೇಲು ಎಂದು ನೋಡದಿದ್ದರೆ ಲೆಕ್ಕ ಐದನೇ ಒಂದು ಭಾಗಕ್ಕಿಂತ ಹೆಚ್ಚು ತಪ್ಪುತ್ತದೆ. ಪೌಂಡ್ ಬೆಲೆಯನ್ನು ಖಂಡಿಗೆ ತರುವುದು ಸುಲಭ: ಪೌಂಡ್‌ಗೆ 80 ಸೆಂಟ್ ಇದ್ದರೆ 784ರಿಂದ ಗುಣಿಸಿದಾಗ ಖಂಡಿಗೆ 627.20 ಡಾಲರ್. ಲೆಕ್ಕದ ಅನುಕೂಲಕ್ಕೆ ಡಾಲರಿಗೆ 80 ರೂಪಾಯಿ ಎಂದುಕೊಂಡರೆ 50,176 ರೂಪಾಯಿ.

ಅರಳೆಯ ಗುಣದ ಅಳತೆಯಲ್ಲೂ ಇಂಚು ಸೇರಿಕೊಂಡಿದೆ. ಎಳೆಯ ಉದ್ದವನ್ನು ಭಾರತದಲ್ಲಿ ಮಿಲಿಮೀಟರ್‌ನಲ್ಲಿ ಹೇಳಿದರೆ ಅಮೆರಿಕದಲ್ಲಿ ಇಂಚಿನ 32ನೇ ಭಾಗಗಳಲ್ಲಿ ಹೇಳುತ್ತಾರೆ. ಎಳೆಯ ನಯ ತಿಳಿಸುವ ಮೈಕ್ರೊನೇರ್ ಎಂಬ ಅಂಕಿಯಲ್ಲಿ ಮೈಕ್ರೊಗ್ರಾಂ ಮೆಟ್ರಿಕ್ಕಿನದು, ಅದನ್ನು ಭಾಗಿಸುವ ಇಂಚು ಹಳೆಯ ಪದ್ಧತಿಯದು.

ಜೀನ್ಸ್: ಒಂದು ಪ್ಯಾಂಟಿನಲ್ಲಿ ಆರು ಹಳೆಯ ಅಳತೆ

ಬಳ್ಳಾರಿಯ ಜೀನ್ಸ್ ಹೆಚ್ಚಾಗಿ ಮಾರಾಟವಾಗುವುದು ದೇಶದೊಳಗೇ. ಆದರೆ ಡೆನಿಮ್ ಬಟ್ಟೆ, ಹೊಲಿಗೆ ಯಂತ್ರ, ಜಿಪ್ಪು, ಗುಂಡಿ ಎಲ್ಲವೂ ಜಾಗತಿಕ ಪೇಟೆಯ ಅಳತೆಗೆ ತಯಾರಾದವು. ಕಟಿಂಗ್ ಮಾಸ್ಟರ್ ಒಂದು ಪ್ಯಾಂಟನ್ನು ಮೇಜಿನ ಮೇಲೆ ಹರಡಿದರೆ ಅದರಲ್ಲಿ ಕನಿಷ್ಠ ಆರು ಮೆಟ್ರಿಕ್ ಅಲ್ಲದ ಮಾನಗಳು ಸಿಗುತ್ತವೆ.

ಮೊದಲನೆಯದು ನೂಲಿನ ಕೌಂಟು. ಒಂದು ಪೌಂಡ್ ತೂಕದ ನೂಲಿನಲ್ಲಿ 840 ಗಜದ ಎಷ್ಟು ಲಡಿ ಬರುತ್ತವೆ ಎಂಬುದೇ ಕೌಂಟು. 7ನೇ ಕೌಂಟಿನ ದಪ್ಪ ನೂಲು ಪೌಂಡ್‌ಗೆ 5,880 ಗಜ ಬಂದರೆ 10ನೇ ಕೌಂಟಿನದು 8,400 ಗಜ. ಅಂಕಿ ಏರಿದಷ್ಟೂ ನೂಲು ತೆಳ್ಳಗಾಗುತ್ತದೆ. ಮೆಟ್ರಿಕ್ಕಿನ ಟೆಕ್ಸ್ ಮಾನದಲ್ಲಿ ಇದು ತಿರುಗುಮುರುಗು: ಒಂದು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದು ಟೆಕ್ಸ್, ಅಲ್ಲಿ ಅಂಕಿ ಏರಿದಷ್ಟೂ ನೂಲು ದಪ್ಪ.

ಎರಡನೆಯದು ಬಟ್ಟೆಯ ಭಾರ. ಹತ್ತು ಔನ್ಸ್, ಹನ್ನೆರಡು ಔನ್ಸ್ ಎಂದು ಅಂಗಡಿಯಲ್ಲಿ ಕೇಳುವುದು ಒಂದು ಚದರ ಗಜ ಬಟ್ಟೆಯ ತೂಕ. ಒಂದು ಔನ್ಸ್ ಎಂದರೆ ಚದರ ಮೀಟರಿಗೆ 33.9 ಗ್ರಾಂ. ಹತ್ತು ಔನ್ಸಿನ ಬಟ್ಟೆ 339 ಗ್ರಾಂ, ಹನ್ನೆರಡರದು 407, ಹದಿನಾಲ್ಕರದು 475. ಸುಂಕದ ಕಾಗದದಲ್ಲಿ ಮಾತ್ರ ಗ್ರಾಂ ಬೇಕು. ದೇಶದೇಶಗಳು ಒಪ್ಪಿರುವ ಸರಕು ವರ್ಗೀಕರಣದಲ್ಲಿ, ಶೇಕಡ 85 ಅಥವಾ ಹೆಚ್ಚು ಹತ್ತಿ ಇರುವ ಡೆನಿಮ್ 5209.42ನೇ ಸಂಖ್ಯೆಯಡಿ ಬರಬೇಕಾದರೆ ಅದರ ಭಾರ ಚದರ ಮೀಟರಿಗೆ 200 ಗ್ರಾಂ ದಾಟಿರಬೇಕು. ಔನ್ಸಿನಲ್ಲಿ ಆ ಗಡಿ 5.9. ತೆಳು ಅಂಗಿಯ ಡೆನಿಮ್ ಈ ಗಡಿಯ ಹತ್ತಿರವೇ ಸುಳಿಯುವುದರಿಂದ ಅಲ್ಲಿ ಪರಿವರ್ತನೆ ಸರಿಯಾಗಿ ಮಾಡದಿದ್ದರೆ ಸರಕಿನ ವರ್ಗವೇ ಬದಲಾದೀತು.

ಮೂರನೆಯದು ಗಜ. ಭಾರತದಲ್ಲಿ ಬಟ್ಟೆ ಮೀಟರ್ ಲೆಕ್ಕದಲ್ಲಿ ಸಿಕ್ಕರೂ ಹೊರದೇಶದ ಬೇಡಿಕೆಗಳು ಗಜದಲ್ಲಿ ಬರುವುದುಂಟು. ಸಾವಿರ ಗಜ ಎಂದರೆ 914.4 ಮೀಟರ್. ಇದನ್ನು ಸಾವಿರ ಮೀಟರ್ ಎಂದು ತಿಳಿದು ಲೆಕ್ಕ ಹಾಕಿದರೆ 85.6 ಮೀಟರ್ ಕಡಿಮೆ ಬೀಳುತ್ತದೆ. ಒಂದು ಪ್ಯಾಂಟಿಗೆ ಒಂದೂಕಾಲು ಮೀಟರ್ ಎಂದು ಹಿಡಿದರೆ 68 ಪ್ಯಾಂಟುಗಳ ಬಟ್ಟೆ ಅದು. ಸಣ್ಣ ಘಟಕವೊಂದರ ಲಾಭವೆಲ್ಲ ಈ ಅಂತರದಲ್ಲೇ ಕರಗಿಹೋಗಬಹುದು.

ನಾಲ್ಕನೆಯದು ಇಂಚು. ಸೊಂಟ 32 ಎಂದರೆ 32 ಇಂಚು, 81.28 ಸೆಂಟಿಮೀಟರ್. ಹೊಲಿಗೆಯ ಸಾಂದ್ರತೆ ಇಂಚಿಗೆ ಇಷ್ಟು ಟಾಕಿ ಎಂಬ ಲೆಕ್ಕ. ತೊಡೆಯ ಬದಿಯಲ್ಲಿ ಕಾಣುವ ಜೋಡಿ ಹೊಲಿಗೆಯ ನಡುವಿನ ಅಂತರ ಸಾಮಾನ್ಯವಾಗಿ ಕಾಲು ಇಂಚು. ಎರಡು ಸೂಜಿಯ ಯಂತ್ರದಲ್ಲಿ ಆ ಅಂತರವನ್ನು ಲೋಹದಲ್ಲೇ ಕೂರಿಸಿರುತ್ತಾರೆ. ಇಲ್ಲಿ ಎಚ್ಚರ ಬೇಕಾದ್ದು ಬರೆಯುವ ರೀತಿಗೆ. ಟೈಲರ್ ಟೇಪು ಇಂಚನ್ನು ಅರ್ಧ, ಕಾಲು, ಅರೆಕಾಲು ಎಂದು ಒಡೆಯುತ್ತದೆ. ಕಂಪ್ಯೂಟರ್ ಹಾಳೆ ಹತ್ತರ ಭಾಗಗಳಲ್ಲಿ ಒಡೆಯುತ್ತದೆ. ಹತ್ತೂಕಾಲು ಇಂಚನ್ನು ಹಾಳೆಯಲ್ಲಿ 10.25 ಎಂದು ಬರೆಯಬೇಕು. ಐದಡಿ ಆರಿಂಚನ್ನು 5.6 ಎಂದು ಬರೆಯುವ ರೂಢಿ ಇದೆ. ದಶಾಂಶವಾಗಿ ಓದಿದರೆ ಅದು ಐದಡಿ ಏಳಿಂಚಿಗಿಂತ ಹೆಚ್ಚು.

ಐದನೆಯದು ಗುಂಡಿಯ ಲೈನ್. ಹಳೆಯ ಫ್ರೆಂಚ್ ಮಾನದಿಂದ ಬಂದ ಈ ಅಳತೆಯಲ್ಲಿ 40 ಲೈನಿಗೆ ಒಂದು ಇಂಚು. ಜೀನ್ಸ್‌ನ ಸೊಂಟಕ್ಕೆ ಹಾಕುವ 27 ಲೈನಿನ ಲೋಹದ ಗುಂಡಿ 17 ಮಿಲಿಮೀಟರ್. ಆರನೆಯದು ಎಣಿಕೆ: ಪ್ಯಾಂಟು ಡಜನ್ನಿನಲ್ಲಿ, ಗುಂಡಿ ಗ್ರೋಸಿನಲ್ಲಿ, ಅಂದರೆ 144ರ ಲೆಕ್ಕದಲ್ಲಿ.

ಅದಿರು: ಒಂದೇ ಹೆಸರಿನ ಮೂರು ಟನ್

ಕನ್ನಡದಲ್ಲಿ ಟನ್ ಎಂದು ಬರೆದಾಗ ಅದು ಮೂರರಲ್ಲಿ ಯಾವುದೂ ಆಗಬಹುದು. ಮೆಟ್ರಿಕ್ ಟನ್ 1,000 ಕಿಲೋ. ಬ್ರಿಟನ್ನಿನ ಲಾಂಗ್ ಟನ್ 2,240 ಪೌಂಡ್, ಅಂದರೆ 1,016.05 ಕಿಲೋ. ಅಮೆರಿಕದ ಶಾರ್ಟ್ ಟನ್ 2,000 ಪೌಂಡ್, 907.18 ಕಿಲೋ.

ಬಳ್ಳಾರಿ–ಹೊಸಪೇಟೆ ವಲಯದ ಕಬ್ಬಿಣದ ಅದಿರು ದಶಕಗಳ ಕಾಲ ಹೊರದೇಶಗಳಿಗೆ ಹೋಯಿತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ರಫ್ತಿಗೆ ಮತ್ತೆ ಒಪ್ಪಿಗೆ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ. ಜಪಾನಿನ ಉಕ್ಕಿನ ಕಾರ್ಖಾನೆಗಳೊಂದಿಗಿನ ಹಿಂದಿನ ದೀರ್ಘಾವಧಿ ಒಪ್ಪಂದಗಳ ಕಾಲದಲ್ಲಿ ಅದಿರಿನ ಬೆಲೆ ಹೇಳಲು ಒಣ ಲಾಂಗ್ ಟನ್ ಯೂನಿಟ್ ಎಂಬ ಮಾನ ಬಳಕೆಯಲ್ಲಿತ್ತು. ತೇವ ಕಳೆದ ಒಂದು ಲಾಂಗ್ ಟನ್ ಅದಿರಿನಲ್ಲಿ ಶೇಕಡ ಒಂದರಷ್ಟು ಕಬ್ಬಿಣ ಎಂದರೆ ಒಂದು ಯೂನಿಟ್, 10.16 ಕಿಲೋ ಕಬ್ಬಿಣ. ಯೂನಿಟ್‌ಗೆ ಒಂದು ಡಾಲರ್ ಇದ್ದು ಅದಿರಿನಲ್ಲಿ ಶೇಕಡ 64 ಕಬ್ಬಿಣವಿದ್ದರೆ ಲಾಂಗ್ ಟನ್ನಿಗೆ 64 ಡಾಲರ್, ಮೆಟ್ರಿಕ್ ಟನ್ನಿಗೆ 62.99 ಡಾಲರ್. ಈಗ ಜಾಗತಿಕ ಬೆಲೆಸೂಚಿ ಒಣ ಮೆಟ್ರಿಕ್ ಟನ್ನಿನ ಲೆಕ್ಕಕ್ಕೆ ಬಂದಿದೆ.

ನೂರಕ್ಕೆ ಒಂದೂವರೆಯಷ್ಟು ವ್ಯತ್ಯಾಸ ಸಣ್ಣದೆಂದು ತೋರಬಹುದು. 50,000 ಲಾಂಗ್ ಟನ್ನಿನ ಒಂದು ಹಡಗು ತುಂಬಿದರೆ ಅದು 50,802 ಮೆಟ್ರಿಕ್ ಟನ್. ಹೆಚ್ಚಿನ 802 ಟನ್ ಎಂದರೆ 20 ಟನ್ ಹೊರುವ 40 ಲಾರಿಗಳ ಅದಿರು. ಕರಾರಿನಲ್ಲಿ ಯಾವ ಟನ್ ಎಂಬ ಒಂದು ಪದ ಬಿಟ್ಟುಹೋದರೆ ಅಷ್ಟೂ ಲಾರಿಗಳ ಹಣದ ಮೇಲೆ ತಕರಾರು ಏಳಬಹುದು.

ಭತ್ತ, ಮೆಕ್ಕೆಜೋಳ, ಚಿನ್ನ, ತೈಲ

ಸಿರುಗುಪ್ಪದಲ್ಲಿ ಭತ್ತದ ಮಾತು 75 ಕಿಲೋದ ಚೀಲದಲ್ಲಿ ನಡೆಯುತ್ತದೆ. ಷಿಕಾಗೋದ ವಾಯಿದಾ ಪೇಟೆಯಲ್ಲಿ ಭತ್ತದ ಬೆಲೆ ಹಂಡ್ರೆಡ್‌ವೆಯ್ಟ್‌ಗೆ. ಅಮೆರಿಕದಲ್ಲಿ ಅದು 100 ಪೌಂಡ್, 45.36 ಕಿಲೋ, ಹತ್ತಿಯ ಖಂಡಿಗೆ ಮೂಲವಾದ ಬ್ರಿಟಿಷ್ ಹಂಡ್ರೆಡ್‌ವೆಯ್ಟ್ 112 ಪೌಂಡ್. ಷಿಕಾಗೋದಲ್ಲಿ 15 ಡಾಲರ್ ಇದ್ದರೆ ನಮ್ಮ ಚೀಲದ ಲೆಕ್ಕಕ್ಕೆ 24.80 ಡಾಲರ್. ಮೆಕ್ಕೆಜೋಳ, ಗೋಧಿಗಳನ್ನು ಅಲ್ಲಿ ಬುಷೆಲ್ ಲೆಕ್ಕದಲ್ಲಿ ಮಾರುತ್ತಾರೆ. ಬುಷೆಲ್ ಮೂಲದಲ್ಲಿ ನಮ್ಮ ಕೊಳಗದಂತೆ ಅಳೆಯುವ ಪಾತ್ರೆ. ಪಾತ್ರೆ ಹೋಗಿ ತೂಕ ಬಂದಾಗ ಒಂದೊಂದು ಧಾನ್ಯಕ್ಕೆ ಒಂದೊಂದು ತೂಕ ನಿಂತಿತು: ಮೆಕ್ಕೆಜೋಳದ ಬುಷೆಲ್ 56 ಪೌಂಡ್ ಅಂದರೆ 25.4 ಕಿಲೋ, ಗೋಧಿಯದು 60 ಪೌಂಡ್ ಅಂದರೆ 27.2 ಕಿಲೋ.

ಚಿನ್ನದ ಜಾಗತಿಕ ಬೆಲೆ ಟ್ರಾಯ್ ಔನ್ಸ್‌ಗೆ. ಅದು 31.1035 ಗ್ರಾಂ, ಡೆನಿಮ್ ತೂಗುವ ಔನ್ಸ್ 28.35 ಗ್ರಾಂ. ನಮ್ಮ ತೊಲ 11.664 ಗ್ರಾಂ, ಟ್ರಾಯ್ ಔನ್ಸಿನ ಎಂಟು ಪಾಲಿನಲ್ಲಿ ಸರಿಯಾಗಿ ಮೂರು ಪಾಲು. ಹತ್ತು ತೊಲದ ಚಿನ್ನದ ಗಟ್ಟಿ ದುಬೈ ಪೇಟೆಯಲ್ಲಿ ಇಂದಿಗೂ ಇದೆ. ಕಚ್ಚಾ ತೈಲದ ಬ್ಯಾರೆಲ್ 42 ಅಮೆರಿಕನ್ ಗ್ಯಾಲನ್, ಸುಮಾರು 159 ಲೀಟರ್. ಹಡಗಿನಲ್ಲಿ ಸರಕು ಹೊರುವ ಕಂಟೇನರಿನ ಹೆಸರೂ 20 ಅಡಿ, 40 ಅಡಿ. 20 ಅಡಿಯದರ ನಿಜವಾದ ಉದ್ದ 6.058 ಮೀಟರ್, 20 ಅಡಿಗೆ ಒಂದೂವರೆ ಇಂಚು ಕಡಿಮೆ.

ಹಳೆಯ ಮಾನ ಉಳಿಯಲು ಕಾರಣ

ಮೊದಲ ಕಾರಣ ಬೆಲೆಯ ನೆನಪು. ಹತ್ತಿಯ ವ್ಯಾಪಾರಿ ಈ ವರ್ಷದ ಬೆಲೆಯನ್ನು ಹತ್ತು ವರ್ಷದ ಹಿಂದಿನದರೊಂದಿಗೆ ತೂಗಿ ನೋಡುವುದು ಖಂಡಿಯಲ್ಲಿ. ಮಾನ ಬದಲಿಸಿದರೆ ಆ ನೆನಪೆಲ್ಲ ಮತ್ತೆ ಲೆಕ್ಕಕ್ಕೆ ಬೀಳುತ್ತದೆ. ಎರಡನೆಯದು ಯಂತ್ರ. ಕಾಲು ಇಂಚಿನ ಅಂತರಕ್ಕೆ ಕೂರಿಸಿದ ಸೂಜಿ, ಇಪ್ಪತ್ತು ಅಡಿಗೆ ಮಾಡಿದ ಹಡಗಿನ ಖಾನೆಗಳನ್ನು ಹೆಸರಿಗಾಗಿ ಯಾರೂ ಬದಲಿಸುವುದಿಲ್ಲ. ಮೂರನೆಯದು ಕೊಳ್ಳುವವರ ಬಲ. ಅಮೆರಿಕದಂಥ ದೊಡ್ಡ ಗಿರಾಕಿಯ ಮಾನವೇ ಮಾರುವವರ ಮಾನವಾಗುತ್ತದೆ. 1988ರ ಕಾನೂನಿನಲ್ಲಿ ಅಮೆರಿಕವೇ ಮೆಟ್ರಿಕ್ಕನ್ನು ತನ್ನ ವ್ಯಾಪಾರಕ್ಕೆ ಮೇಲಾದ ಪದ್ಧತಿ ಎಂದು ಒಪ್ಪಿದ್ದರೂ ಅದನ್ನು ಕಡ್ಡಾಯ ಮಾಡಲಿಲ್ಲ. ನಾಲ್ಕನೆಯದು ಬಾಯಿಮಾತಿನ ಅನುಕೂಲ. 407 ಗ್ರಾಮಿನ ಬಟ್ಟೆ ಎನ್ನುವುದಕ್ಕಿಂತ 12 ಔನ್ಸ್ ಎನ್ನುವುದು ಸುಲಭ.

ಕಾಗದದ ಮೇಲೆ ಎರಡು ಮಾನ

ಸರ್ಕಾರಗಳು ಈ ಸ್ಥಿತಿಗೆ ಹೊಂದಿಕೊಂಡ ದಾರಿ ಎಂದರೆ ಎರಡನ್ನೂ ಬರೆಯುವುದು. ಅಮೆರಿಕದಲ್ಲಿ ಬಹುತೇಕ ದಿನಬಳಕೆಯ ಪೊಟ್ಟಣಗಳ ಮೇಲೆ 1994ರಿಂದ ಎರಡೂ ಪದ್ಧತಿಯ ತೂಕ ಇರಬೇಕು. ಯುರೋಪಿಯನ್ ಒಕ್ಕೂಟ 2009ರಲ್ಲಿ, ಮೆಟ್ರಿಕ್ ಜೊತೆಗೆ ಬೇರೆ ಮಾನವನ್ನೂ ಬರೆಯಲು ಕಾಲಮಿತಿಯಿಲ್ಲದ ಅನುಮತಿ ಕೊಟ್ಟಿತು. ಭಾರತದಲ್ಲಿ ಟಿವಿ ಪೆಟ್ಟಿಗೆಯ ಮೇಲೆ 80 ಸೆಂಟಿಮೀಟರ್ ಎಂದೂ ಪಕ್ಕದಲ್ಲಿ 32 ಇಂಚು ಎಂದೂ ಕಾಣುವುದು ಇದೇ ರೀತಿಯ ಹೊಂದಾಣಿಕೆ.

ಜಿಎಸ್‌ಟಿ ಕಾಗದಗಳಿಗೆ ನಿಗದಿಯಾದ ಮಾನಗಳ ಪಟ್ಟಿಯಲ್ಲಿ ಕಿಲೋ, ಮೀಟರ್, ಕ್ವಿಂಟಾಲ್‌ಗಳ ಜೊತೆಗೆ ಬೇಲು, ಡಜನ್, ಗ್ರೋಸ್, ಗಜ, ಚದರ ಅಡಿ, ಅಮೆರಿಕನ್ ಗ್ಯಾಲನ್‌ಗಳಿಗೂ ಸಂಕೇತಗಳಿವೆ. ಟನ್ನಿಗಂತೂ ಎರಡು: ಎಂಟಿಎಸ್ ಎಂಬುದು ಮೆಟ್ರಿಕ್ ಟನ್, ಟಿಒಎನ್ ಎಂಬುದು ಬೇರೆಯೇ ಸಾಲು. ಬಿಲ್ಲಿನಲ್ಲಿ ಒಂದು, ಕರಾರಿನಲ್ಲಿ ಇನ್ನೊಂದು ಬಂದರೆ ಬ್ಯಾಂಕಿನಲ್ಲಿ ಕಾಗದ ತಡೆಯುವ ಸಂಭವ ಇರುತ್ತದೆ.

ಕರಾರು ಬರೆಯುವಾಗ

ಕನ್ನಡ ನಾಡಿನ ಹಳೆಯ ಶಾಸನಗಳು ಅಳತೆಯನ್ನು ಸ್ಪಷ್ಟವಾಗಿ ಬರೆಯುವುದಕ್ಕೊಂದು ಮಾದರಿ ಬಿಟ್ಟುಹೋಗಿವೆ. ಭೂಮಿಯನ್ನು ದಾನ ಕೊಟ್ಟಾಗ ಎಷ್ಟು ಮತ್ತರು ಎಂದು ಬರೆದು ಸುಮ್ಮನಾಗದೆ, ಭೇರುಂಡ ಗಳೆಯಂಥ ಯಾವ ಅಳತೆಗೋಲಿನಿಂದ ಅಳೆದದ್ದು ಎಂಬುದನ್ನೂ ಕಲ್ಲಿನ ಮೇಲೆ ಹೆಸರಿಸುತ್ತಿದ್ದರು. ಗಳೆ ಬದಲಾದರೆ ಮತ್ತರೂ ಬದಲಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಇಂದಿನ ರಫ್ತು ಕರಾರಿಗೂ ಅದೇ ಶಿಸ್ತು ಬೇಕು. ಅಂಕಿಯ ಪಕ್ಕದಲ್ಲಿ ಮಾನದ ಪೂರ್ತಿ ಹೆಸರು ಇರಬೇಕು: ಬರೀ ಟನ್ ಸಾಲದು, ಮೆಟ್ರಿಕ್ ಟನ್, ಬರೀ ಔನ್ಸ್ ಸಾಲದು, ಚದರ ಗಜಕ್ಕೆ ಔನ್ಸ್, ಬರೀ ಬೇಲು ಸಾಲದು, 170 ಕಿಲೋದ ಬೇಲು. ಮೆಟ್ರಿಕ್ ಸಮಾನ ಅಂಕಿಯನ್ನು ಅಲ್ಲೇ ಬರೆದು, ಎರಡರಲ್ಲಿ ಯಾವುದು ಅಂತಿಮ ಎಂದು ಹೇಳಬೇಕು. ತೂಕ ಒಣದ್ದೋ ಹಸಿಯದೋ, ಚೀಲ ಸೇರಿಸಿದ್ದೋ ಕಳೆದದ್ದೋ ಎಂಬುದು ಸ್ಪಷ್ಟವಿರಬೇಕು. ಅಳತೆಯಲ್ಲಿ ಎಷ್ಟು ಏರುಪೇರು ನಡೆಯುತ್ತದೆ ಎಂಬುದನ್ನು ಕಟಿಂಗ್ ಶುರುವಾಗುವ ಮೊದಲೇ ಒಪ್ಪಿಕೊಳ್ಳಬೇಕು.

ಕೊನೆಯದು, ಅಂಕಿಯನ್ನು ದುಂಡು ಮಾಡುವುದು ಲೆಕ್ಕದ ಕೊನೆಯಲ್ಲಿ, ಮೊದಲಲ್ಲಿ ಅಲ್ಲ. ಒಂದು ಪೌಂಡ್‌ಗೆ 0.45 ಕಿಲೋ ಎಂದು ದುಂಡಾಗಿ ಹಿಡಿದರೆ 50,000 ಪೌಂಡ್ ಹತ್ತಿ 22,500 ಕಿಲೋ ಆಗುತ್ತದೆ. ಸರಿಯಾದ ಅಂಕಿಯಿಂದ ಗುಣಿಸಿದರೆ 22,680 ಕಿಲೋ. ನಡುವಿನ 180 ಕಿಲೋ, ಸಿರುಗುಪ್ಪ, ಕುರುಗೋಡು ಕಡೆಯ ರೈತ ಐದು ಕ್ವಿಂಟಾಲಿಗೂ ಹೆಚ್ಚು ಹತ್ತಿ ಬಿಡಿಸಿ ತಂದರೆ ಸಿಗುವ ಅರಳೆ. ಒಂದು ಪೂರ್ತಿ ಬೇಲು ಕಟ್ಟಿ ಮತ್ತೂ ಹತ್ತು ಕಿಲೋ ಉಳಿಯುವಷ್ಟು.